ದೇವಕ್ಕ ಹೊತ್ತ ಸಂತ

ದೇವಕ್ಕನನ್ನು ನಾನು ಮೊದಲು ಕಂಡದ್ದು ಒಂದು ಲಾರಿಯ ಹಿಂದೆ, 1968ರ ಮೇ ತಿಂಗಳಲ್ಲಿ. ಜೋಗೇಶ್ವರಿ ಪೂರ್ವದಲ್ಲಿ ಗುಡ್ಡದ ಬುಡಕ್ಕೆ ಇಟಲಿಯ ಪಾದ್ರಿಯೊಬ್ಬರು ಬಡ ಹುಡುಗರಿಗೆ ಫಿಟ್ಟರ್, ವೆಲ್ಡರ್ ಕೆಲಸ ಕಲಿಸುವ ಶಾಲೆ ಕಟ್ಟಿಸುತ್ತಿದ್ದರು. ನಾನು ಅದರ ಆಫೀಸಿನಲ್ಲಿ ಟೈಪಿಸ್ಟ್. ಹೆಸರು ಶೀಲಾವತಿ, ಊರು ಮುಲ್ಕಿ. ಅಣ್ಣ ಪರೇಲಿನ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ. ಅವನಿಗೆ ಗುರುತಿದ್ದವರು ಹೇಳಿ ಕೊಡಿಸಿದ ಕೆಲಸ ಅದು.

ಆ ದಿನ ಬಂದರಿನಿಂದ ಲಾರಿಯಲ್ಲಿ ಆಳುದ್ದದ ಮರದ ಪೆಟ್ಟಿಗೆ ಬಂತು. ಇಳಿಸುವುದು ತನ್ನ ಕೆಲಸವಲ್ಲ ಎಂದು ಡ್ರೈವರ್ ಬೀಡಿ ಹಚ್ಚಿದ. ಗಂಡಾಳುಗಳೆಲ್ಲ ಹಿಂದಿನ ಕಟ್ಟಡಕ್ಕೆ ಸ್ಲ್ಯಾಬ್ ಹಾಕುತ್ತಿದ್ದರು. ಆಗ ಇಟ್ಟಿಗೆ ಹೊರುತ್ತಿದ್ದ ಹೆಂಗಸರಲ್ಲಿ ಒಬ್ಬಳು ಬುಟ್ಟಿ ಕೆಳಗಿಟ್ಟು ಬಂದಳು. ಎತ್ತರದ ಆಳು, ಮೂವತ್ತರ ಆಸುಪಾಸು, ಹಳೆ ಸೀರೆ ಸುತ್ತಿ ಮಾಡಿದ ಸಿಂಬಿ ಇನ್ನೂ ತಲೆಯ ಮೇಲೇ ಇತ್ತು. ಪೆಟ್ಟಿಗೆಯ ಒಂದು ಮೂಲೆಯನ್ನು ಅಂಗೈಯಿಂದ ಎತ್ತಿ ನೋಡಿದಳು.

"ಮೂರು ಚೀಲ ಸಿಮೆಂಟಿನ ತೂಕ ಅದ. ಏನದರ‍್ರಿ ಇದ್ರಾಗ?"

"ದೇವರು" ಎಂದೆ. ಸಂತ ಎಂದು ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

"ಹಂಗಾರ ಮಾರಿ ಯಾವ ಕಡಿ ಅದ ಹೇಳ್ರಿ ಬಾಯಾರ. ಮಕಾಡೆ ಮಲಗಸಬಾರ್ದು."

ಮತ್ತೆ ಐದು ಮಂದಿ ಹೆಂಗಸರನ್ನು ಕರೆದು, ಎರಡು ಹಲಗೆ ಒರಗಿಸಿ, ಪೆಟ್ಟಿಗೆಯನ್ನು ಹಗ್ಗದ ಮೇಲೆ ಜಾರಿಸಿ ಇಳಿಸಿಬಿಟ್ಟಳು.

ಪೆಟ್ಟಿಗೆ ಕಳಿಸಿದವರು ಫಾದರ್ ನಿಕೋಲಾ ಅವರ ಊರಿನವರು. ಇಟಲಿಯ ದಕ್ಷಿಣಕ್ಕೆ, ಗುಡ್ಡದ ನೆತ್ತಿಯ ಮೇಲೆ, ಕಾಸ್ತೆಲ್‌ಮೊರೊ ಎಂಬ ಪುಟ್ಟ ಊರು. ಅಲ್ಲಿನ ಕಾವಲು ಸಂತ ರೊಕ್ಕೊ. ಪ್ಲೇಗು ಬಂದವರ ಶುಶ್ರೂಷೆ ಮಾಡುತ್ತ ತನಗೂ ರೋಗ ಹತ್ತಿ, ಕಾಡಿನಲ್ಲಿ ಒಬ್ಬನೇ ಬಿದ್ದಿದ್ದವನು. ಒಂದು ನಾಯಿ ದಿನವೂ ರೊಟ್ಟಿ ಕಚ್ಚಿ ತಂದು ಅವನನ್ನು ಬದುಕಿಸಿತಂತೆ. ಊರ ಇಗರ್ಜಿಯಲ್ಲಿ ಹಳೆಯದೊಂದು ಮೂರ್ತಿ ಹೆಚ್ಚುವರಿಯಾಗಿ ಉಳಿದಿತ್ತು. ಅದನ್ನೇ ಮುಂಬಯಿಯಲ್ಲಿದ್ದ ತಮ್ಮೂರ ಮಗನಿಗೆ ಕಳಿಸಿದ್ದರು. ಹಲಗೆ ಬಿಚ್ಚಿದಾಗ ಕಂದು ಬಣ್ಣದ ಮುಖ, ಕೈಯಲ್ಲಿ ಕೋಲು, ಕಾಲ ಬಳಿ ನಾಯಿ. ಸಂತ ತನ್ನ ನಿಲುವಂಗಿಯನ್ನು ತೊಡೆಯ ಮೇಲಕ್ಕೆ ಸರಿಸಿ ಗಾಯ ತೋರಿಸುತ್ತಿದ್ದ.

ದೇವಕ್ಕ ಆ ಗಾಯವನ್ನು ಹತ್ತಿರದಿಂದ ನೋಡಿದಳು. "ನಮ್ಮನಿಯವ್ರಿಗೂ ಇಲ್ಲೇ ಬಡದದ" ಎಂದು ತನ್ನ ತೊಡೆ ಮುಟ್ಟಿ ತೋರಿಸಿ ಇಟ್ಟಿಗೆಗೆ ಹೋದಳು.

ಅವಳ ಗಂಡ ಖಂಡಪ್ಪ. ಇಬ್ಬರೂ ಗುಲಬರ್ಗಾ ಜಿಲ್ಲೆಯ ಭೀಮಾ ನದಿ ದಂಡೆಯ ಹಳ್ಳಿಯವರು. ಮಗಳು ಗುರುಬಾಯಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಅರವತ್ತೈದರಲ್ಲಿ ಮುಂಬಯಿಗೆ ಬಂದಿದ್ದರು. ಎರಡು ವರ್ಷದ ಮೇಲೆ ಯಾವುದೋ ಬಿಲ್ಡಿಂಗಿನ ಕೆಲಸದಲ್ಲಿ ಮೇಲಕ್ಕೆಳೆಯುತ್ತಿದ್ದ ಕಬ್ಬಿಣದ ಸರಳಿನ ಕಟ್ಟು ಹಗ್ಗದಿಂದ ಜಾರಿ ಖಂಡಪ್ಪನ ಬಲತೊಡೆಯ ಮೇಲೆ ಬಿತ್ತು. ನಾಲ್ಕು ತಿಂಗಳು ಆಸ್ಪತ್ರೆ. ಮೂಳೆ ಸೊಟ್ಟಗೆ ಕೂಡಿಕೊಂಡಿತು, ಮೊಣಕಾಲು ಮಡಚುವುದು ನಿಂತುಹೋಯಿತು. ಅಂದಿನಿಂದ ಶಾಲೆಯ ಕಾಂಪೌಂಡಿನ ಹಿಂದಿನ ಜೋಪಡಿಯಲ್ಲಿ ಕಾಲು ಚಾಚಿ ಕೂತು ಹೆಂಗಸರಿಗೆ ಸಿಂಬಿ ಸುತ್ತಿಕೊಡುತ್ತಿದ್ದ, ಹಗ್ಗ ಹೊಸೆಯುತ್ತಿದ್ದ. ನಲ್ಲಿಯವರೆಗೆ ಬಿಟ್ಟರೆ ಎಲ್ಲಿಗೂ ಬರುತ್ತಿರಲಿಲ್ಲ. ಹೆಂಡತಿ ದುಡಿದು ತಂದದ್ದನ್ನು ಉಣ್ಣುವವನು ಜನರ ಕಣ್ಣಿಗೆ ಬೀಳಬಾರದು ಎಂಬುದು ಅವನ ಹಟ.

ಫಾದರ್ ನಿಕೋಲಾ ಮಂಗಳೂರಿನಲ್ಲಿ ಹನ್ನೆರಡು ವರ್ಷ ಇದ್ದು ಬಂದವರು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ನಡುವೆ ಒಂದೊಂದು "ಮಾರಾಯ್ತಿ" ಸೇರಿಸಿ. ಕೂಲಿಯವರ ಗುಲಬರ್ಗಾ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ನನ್ನನ್ನು ಕೇಳುತ್ತಿದ್ದರು. ನನಗೂ ಅರ್ಧವೇ ತಿಳಿಯುತ್ತಿದ್ದುದು. ದೇವಕ್ಕ ಅವರನ್ನು "ಅಪ್ಪಾರ" ಎನ್ನುತ್ತಿದ್ದಳು. ಗುಲಬರ್ಗಾ ಕಡೆ ಮಠದ ಸ್ವಾಮಿಗಳನ್ನು ಹಾಗೆ ಕರೆಯುವುದು ರೂಢಿ.

ರೊಕ್ಕೊ ಸಂತನ ಹಬ್ಬ ಆಗಸ್ಟ್ ಹದಿನಾರಕ್ಕೆ. ಫಾದರ್ ಅವರ ಊರಲ್ಲಿ ಅದು ಸುಡುಬೇಸಗೆ. ಗೋಧಿ ಕೊಯ್ದು ಮುಗಿದಿರುತ್ತದೆ, ದೂರದ ಊರುಗಳಲ್ಲಿ ದುಡಿಯುವವರೆಲ್ಲ ಮನೆಗೆ ಬಂದಿರುತ್ತಾರೆ. ಬೀದಿಗೆ ಅಡ್ಡಲಾಗಿ ಬಣ್ಣದ ದೀಪದ ಕಮಾನು ಕಟ್ಟುತ್ತಾರೆ. ಬ್ಯಾಂಡಿನವರು ಮುಂದೆ, ಹಿಂದೆ ಎಂಟು ಗಂಡಸರ ಹೆಗಲ ಮೇಲೆ ಸಂತ. ಆ ಹೆಗಲಿನ ಹಕ್ಕು ತಂದೆಯಿಂದ ಮಗನಿಗೆ ಬರುವಂಥದು. ಇದನ್ನೆಲ್ಲ ಫಾದರ್ ಎಷ್ಟು ಸಲ ಹೇಳಿದ್ದರೆಂದರೆ, ಆ ಊರ ಓಣಿಗಳಲ್ಲಿ ನಾನೂ ನಡೆದಿದ್ದೇನೆ ಅನ್ನಿಸುತ್ತಿತ್ತು. ಮುಂಬಯಿಯ ಆಗಸ್ಟಿನಲ್ಲಿ ಮೆರವಣಿಗೆ ಬೇಡ, ಡಿಸೆಂಬರಿಗೆ ಹಾಕಿಕೊಳ್ಳಿ ಎಂದು ಇಲ್ಲಿನ ಇಗರ್ಜಿಯ ಹಿರಿಯರು ಹೇಳಿ ನೋಡಿದರು. ಫಾದರ್ ಒಪ್ಪಲಿಲ್ಲ. "ಸಂತನ ದಿನ ಸಂತನದು. ಮಳೆ ಬರುವುದಾದರೆ ಬರಲಿ" ಎಂದರು.

ಅರವತ್ತೊಂಬತ್ತರಲ್ಲಿ ಮೊದಲ ಹಬ್ಬವಾಯಿತು. ಬಾಂದ್ರಾ, ವಸಯಿ ಕಡೆಯ ಎಂಟು ಕ್ರಿಸ್ತ ಯುವಕರು ಬಿಳಿ ಅಂಗಿ, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಬಂದರು. ಗುಡ್ಡದ ಇಳಿಜಾರಿನ ಕೆಸರಿನಲ್ಲಿ ಇಬ್ಬರ ಬೂಟು ಜಾರಿತು. ಸಂತ ವಾಲಿದ. ಬೀಳಲಿಲ್ಲ, ಆದರೆ ನಾಯಿಯ ಒಂದು ಕಿವಿ ಕಂಬಕ್ಕೆ ತಾಗಿ ಮುರಿಯಿತು. ಫಾದರ್ ಅದನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ತಾವೇ ಅಂಟಿಸಿದರು. ಗೋಡೆಯ ಮಗ್ಗುಲಲ್ಲಿ ನಿಂತು ನೋಡುತ್ತಿದ್ದ ದೇವಕ್ಕ ನನಗೆ ಮೆಲ್ಲಗೆ ಹೇಳಿದಳು: "ಮದಿವಿ ಬರಾತಿಗೆ ಹೋದಂಗ ಹೊಂಟಾವ ಹುಡುಗ್ರು. ಹೊರೂ ಮಂದಿ ಅಲ್ಲ ಇವು."

ಮರುವರ್ಷದ ಹಬ್ಬ ಭಾನುವಾರ ಬಂತು. ಹಿಂದಿನ ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಲೋಕಲ್ ನಿಂತಿದೆ ಎಂಬ ಸುದ್ದಿ ಬಂತು. ಹಳಿಗಳ ಮೇಲೆ ನೀರು. ನಾನು ನಡೆಯುವಷ್ಟು ಹತ್ತಿರವಿದ್ದೆ, ಹಾಗಾಗಿ ಬಂದೆ, ಛತ್ರಿ ಉಲ್ಟಾ ಆಗಿತ್ತು. ಹನ್ನೊಂದು ಜನರ ಬ್ಯಾಂಡಿನಲ್ಲಿ ಬಂದವರು ನಾಲ್ವರು. ಹೊರುವ ಎಂಟರಲ್ಲಿ ಇಬ್ಬರು. ಕಮಾನಿನ ಬಲ್ಬುಗಳನ್ನು ಶಾಕ್ ಹೊಡೆದೀತೆಂದು ಆರಿಸಿಬಿಟ್ಟಿದ್ದರು. ಸಂತ ನಾಲ್ಕು ಹಿಡಿಯ ಮಣೆಯ ಮೇಲೆ ಸಿದ್ಧವಾಗಿ ನಿಂತಿದ್ದ. ಫಾದರ್ ಜಗಲಿಯಲ್ಲಿ ನಿಂತು ಗೇಟು ನೋಡುತ್ತಿದ್ದರು.

ಕೂಲಿ ಹೆಂಗಸರು ವರ್ಕ್‌ಶಾಪಿನ ಶೆಡ್ಡಿನಲ್ಲಿ ಸೇರಿದ್ದರು. ಹಬ್ಬದ ಊಟಕ್ಕೆ ಫಾದರೇ ಕರೆದಿದ್ದರು. ದೇವಕ್ಕ ಎದ್ದು ಜಗಲಿಗೆ ಬಂದಳು.

"ಅಪ್ಪಾರ, ಯಾರ ದಾರಿ ನೋಡಾಕ್ಹತ್ತೀರಿ?"

"ಹೊರುವವರು ಬರಲಿಲ್ಲ ದೇವಕ್ಕ. ಇವತ್ತು ಮೆರವಣಿಗೆ ಆಗಲಿಕ್ಕಿಲ್ಲ."

"ನಾವು ಎಂಟು ಮಂದಿ ಇದ್ದೀವಲ್ರಿ."

ಫಾದರ್ ನಕ್ಕರು. ಅವಳು ನಗಲಿಲ್ಲ. ಅದನ್ನು ಕಂಡು ಅವರೂ ನಗು ನಿಲ್ಲಿಸಿದರು. "ನಮ್ಮ ಊರಿನಲ್ಲಿ ಮುನ್ನೂರು ವರ್ಷದಿಂದ ಹೆಂಗಸರು ಆ ಹಿಡಿಯನ್ನು ಮುಟ್ಟಿದ್ದಿಲ್ಲ, ಮಾರಾಯ್ತಿ."

"ಈ ದಿವಸ ನಿಮ್ಮೂರಾಗ ಹಿಂಗ ಮಳಿ ಹೊಡಿತದೇನ್ರಿ?"

"ಇಲ್ಲ. ಬಿಸಿಲು."

"ರೈಲು ನಿಂದರ್ತಾವೇನ್ರಿ?"

"ರೈಲೇ ಇಲ್ಲ ಅಲ್ಲಿ."

"ಮತ್ತ?" ಎಂದಳು ದೇವಕ್ಕ.

ಫಾದರ್ ಒಳಗೆ ಹೋಗಿ ಸಂತನ ಮುಂದೆ ಸ್ವಲ್ಪ ಹೊತ್ತು ಮೊಣಕಾಲೂರಿದರು. ಹೊರಗೆ ಬಂದು "ಜಾಗ್ರತೆ" ಎಂದಷ್ಟೇ ಹೇಳಿದರು.

ಸುದ್ದಿ ಹಿಂದಿನ ಓಣಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಹೆಂಗಸರು ಸೆರಗು ಬಿಗಿದು ಹಿಡಿಗಳ ಬಳಿ ನಿಲ್ಲುವಷ್ಟರಲ್ಲಿ ತಲೆಗೆ ಗೋಣಿಚೀಲ ಹಾಕಿಕೊಂಡು, ಕೋಲೂರುತ್ತ, ಬಲಗಾಲನ್ನು ಎಳೆಯುತ್ತ ಒಬ್ಬ ಗಂಡಸು ಗೇಟಿನೊಳಗೆ ಬಂದ. ಎರಡು ವರ್ಷದಲ್ಲಿ ನಾನು ಖಂಡಪ್ಪನನ್ನು ನೋಡಿದ್ದು ಅದೇ ಮೊದಲು. ಗಟ್ಟಿ ಎದೆಯ, ಚೆಂದದ ಮುಖದ ಆಳು.

"ಏ ದೇವಿ! ನಮ್ಮ ಮನಿತನದಾಗ ಹೆಂಗಸ್ರು ಯಾರೂ ಪಲ್ಲಕ್ಕಿಗೆ ಕೈ ಹಚ್ಚಿಲ್ಲ. ಬಿಡು ಅದನ್ನ!"

ಊರಲ್ಲಿ ದೇವಿಯ ಪಲ್ಲಕ್ಕಿಯನ್ನು ಹೊಳೆಗೆ ಹೊರುವುದು ಖಂಡಪ್ಪನ ಮನೆತನದ ಸೇವೆ. ಹದಿನಾರನೆಯ ವಯಸ್ಸಿನಿಂದ ಅವನು ಹೊತ್ತವನು. ಇದು ನನಗೆ ಆಮೇಲೆ ತಿಳಿದದ್ದು.

ದೇವಕ್ಕ ತಿರುಗಿ ನೋಡಲಿಲ್ಲ. "ಇದು ನಿಮ್ಮ ಮನಿತನದ ದೇವರಲ್ಲ. ಸುಮ್ಕಿರ‍್ರಿ" ಎಂದಳು. "ಹೂಂ, ಎತ್ರೇ!"

ಎಂಟು ಮಂದಿ ಎತ್ತಿದರು. ಮಣೆ, ಹಿಡಿ ಎಲ್ಲ ಸೇರಿ ಐದು ಚೀಲದ ತೂಕ. ಅಷ್ಟನ್ನು ಅವರು ಹೊರಬಲ್ಲವರೇ. ಆದರೆ ತಲೆಯ ಮೇಲೆ ಹೊತ್ತು ರೂಢಿ, ಹೆಗಲ ಮೇಲಲ್ಲ. ಗಿಡ್ಡ ಆಳಾದ ಅಂಬವ್ವ ಹಿಂದೆ, ಉದ್ದದವರು ಮುಂದೆ. ಸಂತ ಹಿಂದಕ್ಕೆ ಮಲಗತೊಡಗಿದ. ಯಾರೋ ಕಿರುಚಿದರು.

"ಇಳಸ್ರಿ! ಇಳಸ್ರೇ, ಬೀಳ್ತದ!" ಖಂಡಪ್ಪ ಕೂಗಿದ. ಕೋಲನ್ನು ಎಲ್ಲೋ ಬಿಟ್ಟು ಕುಂಟುತ್ತ ಓಡಿಬಂದು ಹಿಂದಿನ ಹಿಡಿಗೆ ಎದೆ ಕೊಟ್ಟ. ಮಣೆ ನೆಲ ಮುಟ್ಟಿತು. ಅವನು ಏದುಸಿರು ಬಿಡುತ್ತ ಎಂಟೂ ಮಂದಿಯನ್ನು ನೋಡಿದ, ಆಮೇಲೆ ಸಂತನನ್ನು, ಸಂತನ ತೊಡೆಯ ಗಾಯವನ್ನು. ಬಯ್ಯುತ್ತಾನೆಂದುಕೊಂಡೆ.

"ಹಿಂಗ ಹೊತ್ರ ದೇವರು ಬೀಳ್ತದ, ನೀವೂ ಸಾಯ್ತೀರಿ" ಎಂದ. "ಇಲ್ಲಿಂದ ದಾರಿ ಇಳಿತದೋ, ಏರ್ತದೋ?"

"ಮೊದಲು ಇಳಿಜಾರು, ಬರುವಾಗ ಏರು" ಎಂದರು ಫಾದರ್.

"ಹಂಗಾರ ಹೋಗೂವಾಗ ಉದ್ದನ್ನಾಕಿಗೋಳು ಮುಂದ. ಬರೂವಾಗ ಗಿಡ್ಡನ್ನಾಕಿಗೋಳು ಮುಂದ. ಅಂಬವ್ವ, ನೀ ಹಿಂದ ಇರು ಈಗ, ಆದ್ರ ಎರಡು ಸಿಂಬಿ ಹೆಗಲಿಗಿಟ್ಕೊ."

ಆಮೇಲೆ ಅರ್ಧ ಗಂಟೆ ಆ ಅಂಗಳ ಖಂಡಪ್ಪನದು. ಒಬ್ಬೊಬ್ಬರ ಹೆಗಲ ಎತ್ತರವನ್ನು ಗೇಣಿನಿಂದ ಅಳೆದು ಜೋಡಿ ಮಾಡಿದ. ಎಲ್ಲರ ಹೆಗಲಿಗೂ ಸಿಂಬಿ ಕಟ್ಟಿಸಿದ. ಕಮಾನಿಗೆ ತಂದು ಉಳಿದಿದ್ದ ಬಿದಿರಿನಲ್ಲಿ ನಾಲ್ಕು ಗಳ ಕಡಿಸಿ ತುದಿಗೆ ಕಚ್ಚು ಹಾಕಿಸಿದ. ನಿಂತಾಗ ಹಿಡಿಯನ್ನು ಅದರ ಮೇಲಿಟ್ಟರೆ ಹೆಗಲಿಗೆ ಬಿಡುವು. ಮುಂದಿನವರು ಎಡಗಾಲು ಇಟ್ಟಾಗ ಹಿಂದಿನವರು ಬಲಗಾಲು ಇಡಬೇಕು, ಆಗ ಮೇಲಿರುವುದು ಓಲಾಡುವುದಿಲ್ಲ ಎಂದು ಬರೀ ಬಿದಿರು ಹೊರಿಸಿ ನಡೆಸಿ ತೋರಿಸಿದ. ಕೋಲಿನಿಂದ ಎರಡು ಏಟು ಬಡಿದರೆ ಎತ್ತುವುದು, ಒಂದು ಬಡಿದರೆ ನಿಲ್ಲುವುದು.

ಫಾದರ್ ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ಊರಿನಲ್ಲಿಯೂ ಹೀಗೆಯೇ ಬಡಿಯುವುದು. ಇವನಿಗೆ ಯಾರು ಹೇಳಿದರು?"

ಮೆರವಣಿಗೆ ಹೊರಟಿತು. ನಾಲ್ಕು ಜನರ ಬ್ಯಾಂಡು ಮುಂದೆ, ಆಮೇಲೆ ಕೋಲು ಹಿಡಿದು ಹಿಮ್ಮುಖವಾಗಿ ಕುಂಟುತ್ತ ಖಂಡಪ್ಪ, ಅವನ ಮುಂದೆ ಬರಿಗಾಲಿನ ಎಂಟು ಹೆಂಗಸರ ಮೇಲೆ ಮಳೆಯಲ್ಲಿ ತೊಯ್ಯುತ್ತ ಸಂತ. ಇಳಿಜಾರು ದಾಟಿತು. ಜೋಪಡಿಗಳ ಓಣಿಯ ಜನ ಬಾಗಿಲಿಗೆ ಬಂದು ಕೈ ಮುಗಿದರು. ಯಾವ ದೇವರು ಎಂದು ಯಾರೂ ಕೇಳಲಿಲ್ಲ. ಒಬ್ಬಾಕೆ ಕುಂಕುಮ ಹಚ್ಚಲು ಬಂದಾಗ ಫಾದರ್ ಒಂದು ಗಳಿಗೆ ಅನುಮಾನಿಸಿ, ನಾಯಿಯ ಹಣೆ ತೋರಿಸಿದರು.

ವಾಪಸು ಬರುವಾಗ ನಾಲೆಯ ಮೋರಿಯ ಮೇಲೆ ಮೊಣಕಾಲುದ್ದ ನೀರು. ಈಗ ಅಂಬವ್ವ ಮುಂದಿದ್ದಳು, ದೇವಕ್ಕ ಅವಳ ಹಿಂದೆ ಅದೇ ಹಿಡಿಯಲ್ಲಿ. ನೀರಿನಡಿ ಕಾಣದ ಗುಂಡಿಯಲ್ಲಿ ಅಂಬವ್ವನ ಕಾಲು ಸೊಂಟದವರೆಗೆ ಹೋಯಿತು. ಹಿಡಿ ಅವಳ ಹೆಗಲಿಂದ ಜಾರಿ, ಆ ಬದಿಯ ಭಾರವೆಲ್ಲ ದೇವಕ್ಕನ ಎಡಹೆಗಲಿಗೆ ಕೂತಿತು. ಒಣಕಡ್ಡಿ ಮುರಿದಂತೆ ಸಪ್ಪಳ ಕೇಳಿಸಿತು. ಹಿಡಿ ಮುರಿಯಿತೆಂದೇ ನಾನು ತಿಳಿದೆ. ದೇವಕ್ಕ ಕಣ್ಣು ಮುಚ್ಚಿದಳು, ಬಾಯಿ ತೆರೆದಳು, ಕೂಗಲಿಲ್ಲ. ಖಂಡಪ್ಪ ಒಂದು ಏಟು ಬಡಿದ. ಹೊರಲು ಬಂದಿದ್ದ ಇಬ್ಬರು ಯುವಕರು ಬಿದಿರಿನ ಗಳ ತಂದು ಹಿಡಿಗಳಿಗೆ ಕೊಟ್ಟರು. ಬ್ಯಾಂಡಿನ ತುತ್ತೂರಿಯವನು ತುತ್ತೂರಿ ಎಸೆದು ಅಂಬವ್ವನನ್ನು ಎಳೆದ.

"ದೇವಿ, ಬಿಡು. ಆ ಹುಡುಗ್ರು ಇಬ್ರು ಹಿಡೀತಾರ" ಎಂದ ಖಂಡಪ್ಪ.

ಅವಳು ಹಿಡಿಯನ್ನು ಬಲಹೆಗಲಿಗೆ ಬದಲಿಸಿಕೊಂಡಳು. "ನೀವು ಬಡೀರಿ" ಎಂದಳು.

ಅವನು ಎರಡು ಏಟು ಬಡಿದ. ಏರು ಹತ್ತಿ ಸಂತನನ್ನು ಒಳಗಿಟ್ಟ ಮೇಲೆ ನೋಡಿದರೆ ಅವಳ ಎಡಗೈ ಮೇಲೇಳುತ್ತಿರಲಿಲ್ಲ. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು.

ಹಬ್ಬದ ಊಟ ಎಲ್ಲರೂ ಮಾಡಿದರು, ಆಸ್ಪತ್ರೆಗೆ ಹೋದ ಅವಳು, ಅವಳನ್ನು ಕರೆದೊಯ್ದ ಫಾದರ್ ಮತ್ತು ಖಂಡಪ್ಪನ ಹೊರತು.

ಮೂಳೆ ಕೂಡಿತು, ಆದರೆ ಕೈಯನ್ನು ತಲೆಯ ಮೇಲೆ ಎತ್ತಿದರೆ ನೋವು. ಬುಟ್ಟಿ ಹೊರುವ ಕೆಲಸ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಈಗ ದುಡಿಯದವರು ಇಬ್ಬರು. ಹದಿನೈದು ದಿನದ ಮೇಲೆ ಫಾದರ್ ಜೋಪಡಿಗೆ ಹೋಗಿ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತರು. ಶಾಲೆಯ ಗೇಟಿಗೆ ಒಬ್ಬರು ಬೇಕು ಎಂದರು.

"ನನ್ನ ಕಾಲು ನೋಡೀರೇನ್ರಿ?" ಎಂದ ಖಂಡಪ್ಪ.

"ಗೇಟಿನಲ್ಲಿ ಓಡಲಿಕ್ಕಿಲ್ಲ. ನೋಡಲಿಕ್ಕೆ, ಬಯ್ಯಲಿಕ್ಕೆ. ಬಯ್ಯುವುದು ನಿನಗೆ ಬರುತ್ತದೆ."

ಮೂರು ವರ್ಷ ಹೊರಗೆ ಬಾರದ ಮನುಷ್ಯ ಮರುದಿನ ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ದೇವಕ್ಕ ಕೈಪಟ್ಟಿ ಬಿಚ್ಚಿದ ಮೇಲೆ ಹುಡುಗರ ಮೆಸ್ಸಿನ ಅಡಿಗೆಗೆ ಸೇರಿದಳು.

ಮುಂದಿನ ವರ್ಷ ಲೋಕಲ್ ಓಡುತ್ತಿತ್ತು. ಎಂಟು ಯುವಕರೂ ಬಂದರು. ಆದರೆ ಹೆಂಗಸರು ಸಿಂಬಿ ಕಟ್ಟಿಕೊಂಡು ಆಗಲೇ ಹಿಡಿಗಳ ಬಳಿ ನಿಂತಿದ್ದರು, ಫಾದರ್ ಅವರಿಗೇ ಬಿಟ್ಟರು. ಸಂತನನ್ನು ಹಿಂದೂ ಕೂಲಿ ಹೆಂಗಸರು ಹೊರುತ್ತಾರೆಂದು ಇಗರ್ಜಿಯ ಕೆಲವರು ದೂರು ಬರೆದರು. ಫಾದರ್ ಹೇಳಿದ ಉತ್ತರ ಟೈಪ್ ಮಾಡಿದವಳು ನಾನೇ, ಅದರಲ್ಲಿ ಇದ್ದದ್ದು ಒಂದೇ ಸಾಲು: ಹೊರಲು ಇಷ್ಟವಿರುವವರು ಮಳೆಗಾಲದ ಯಾವುದೇ ಭಾನುವಾರ ಬರಿಗಾಲಿನಲ್ಲಿ ಬಂದು ಖಂಡಪ್ಪನವರ ಹತ್ತಿರ ಅಭ್ಯಾಸ ಮಾಡಬಹುದು. ಯಾರೂ ಬರಲಿಲ್ಲ.

ಹೀಗೆ ಅದು ವಾಡಿಕೆಯಾಯಿತು. ವಾಡಿಕೆಯಲ್ಲಿ ದೇವಕ್ಕನಿಗೆ ಮಾತ್ರ ಜಾಗವಿರಲಿಲ್ಲ. ಹೆಗಲು ಕೊಡುವಂತಿರಲಿಲ್ಲ, ಮಗ್ಗುಲಲ್ಲಿ ನಡೆಯುತ್ತಿದ್ದಳು. ಪ್ರತಿ ವರ್ಷ ಫಾದರ್ ಖಂಡಪ್ಪನ ಕೊರಳಿಗೆ ಹಾರ ಹಾಕುತ್ತಿದ್ದರು. ಎಪ್ಪತ್ಮೂರರ ಹಬ್ಬದ ಮರುದಿನ ನಾನು ಮೆಸ್ಸಿಗೆ ಚಹಾಕ್ಕೆ ಹೋದಾಗ ಅವಳು ಹಿಟ್ಟು ನಾದುತ್ತಿದ್ದಳು.

"ಹೊತ್ತಾಕಿ ನಾ, ಮುರಕೊಂಡಾಕಿ ನಾ. ಮಾಲಿ ಮಾತ್ರ ಅವ್ರ ಕೊಳ್ಳಾಗ" ಎಂದಳು.

"ಫಾದರಿಗೆ ಹೇಳಲಾ?"

"ಬ್ಯಾಡ ಬಾಯಾರ. ಮಾಲಿ ಹಾಕ್ಕೊಂಡು ಮನಿಗಿ ಬಂದ ದಿನ ಅವ್ರು ನನ್ನ ಕೂಡ ನಕ್ಕೋತ ಮಾತಾಡ್ತಾರ. ಅದೂ ಹೋದೀತು." "ಆದ್ರೂ ಹೊಟ್ಟಿ ಉರಿತದ ನೋಡ್ರಿ" ಎಂದು ಹಿಟ್ಟಿಗೆ ಜೋರಾಗಿ ಗುದ್ದಿದಳು.

ಎಪ್ಪತ್ತೈದರ ಏಪ್ರಿಲಿನಲ್ಲಿ ಖಂಡಪ್ಪನಿಗೆ ಕಾಮಾಲೆಯಾಯಿತು. ಹತ್ತೇ ದಿನ. ಆಗಸ್ಟ್ ಹತ್ತಿರ ಬಂದಾಗ ಕೋಲು ಯಾರು ಹಿಡಿಯಬೇಕು ಎಂಬ ಪ್ರಶ್ನೆ ಎದ್ದಿತು. ಅಂಬವ್ವ ಮತ್ತಿತರರು ದೇವಕ್ಕನನ್ನು ಕೇಳಿದರು. ಗಂಡ ಸತ್ತು ವರ್ಷ ತುಂಬಿಲ್ಲ, ದೇವರ ಮುಂದೆ ತಾನು ನಿಲ್ಲಬಾರದು ಎಂದುಬಿಟ್ಟಳು. ಫಾದರ್ ಮೆಸ್ಸಿಗೆ ಬಂದು, "ನಮ್ಮ ಊರಿನಲ್ಲಿ ವಿಧವೆಯರು ಸಂತನಿಗೆ ಎಲ್ಲರಿಗಿಂತ ಹತ್ತಿರ ನಡೆಯುತ್ತಾರೆ" ಎಂದರು.

"ಅದು ನಿಮ್ಮೂರು, ಅಪ್ಪಾರ."

"ಹೌದು. ನನ್ನ ಊರಿನ ನಿಯಮ ಬೇಡವೆಂದು ನೀನು ಒಮ್ಮೆ ಹೇಳಿದ್ದೆ, ನಾನು ಕೇಳಿದೆ. ಈಗ ನಾನು ಹೇಳುತ್ತೇನೆ. ಕೇಳುವುದು, ಬಿಡುವುದು ನಿನ್ನ ಮನಸ್ಸು."

ಅವಳು ಒಲೆಯ ಕಡೆ ತಿರುಗಿದಳು. ಹಬ್ಬದ ದಿನ ಬೇರೆ ಯಾರಾದರೂ ಇರಲೆಂದು ಫಾದರ್ ಶಾಲೆಯ ಒಬ್ಬ ಮೇಷ್ಟ್ರಿಗೆ ಕೋಲು ಕೊಟ್ಟಿದ್ದರು. ಹೆಂಗಸರು ಹಿಡಿಗೆ ಹೆಗಲು ಕೊಡುವ ಹೊತ್ತಿಗೆ ದೇವಕ್ಕ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಮೇಷ್ಟ್ರ ಮುಂದೆ ಕೈ ಚಾಚಿದಳು. ಅವರು ಕೊಟ್ಟರು. ಎರಡು ಏಟು ಬಡಿದಳು.

ಖಂಡಪ್ಪನಿಗಿಂತ ನಿಧಾನ ಅವಳ ನಡೆ. ಅವನು ಹೊರುವವರಿಗೆ ಬಯ್ಯುತ್ತಿದ್ದ. ಇವಳು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದಳು, ಕಾಶವ್ವ ನೀರದ, ನೀಲಾಬಾಯಿ ಕಲ್ಲದ, ಎಂದು. ಮೋರಿಯ ಹತ್ತಿರ ಹೊರುವವರು ದಾಟುವ ಮೊದಲು ತಾನೇ ನೀರಿಗಿಳಿದು ಕೋಲಿನಿಂದ ತಳ ಮುಟ್ಟಿ ನೋಡಿದಳು. ಆ ವರ್ಷ ಫಾದರ್ ಹಾರ ತಂದಾಗ ಬೇಡವೆನ್ನಲಿಲ್ಲ. ಆಮೇಲೆ ಅದನ್ನು ಎಲ್ಲಿಟ್ಟಳೋ ನಾನು ನೋಡಲಿಲ್ಲ.

ಎಪ್ಪತ್ತೇಳರಲ್ಲಿ ಫಾದರ್ ನಿಕೋಲಾ ಕಾಯಿಲೆಯಿಂದ ತಮ್ಮ ಊರಿಗೆ ಮರಳಿದರು. ಹೊರಡುವ ದಿನ ದೇವಕ್ಕ ಅವರಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ವರ್ಷದ ನಂತರ ಆಫೀಸಿಗೆ ಅವರ ಪತ್ರ ಬಂತು, ದೇವಕ್ಕನಿಗೆ ಓದಿ ಹೇಳಲೆಂದು ಕನ್ನಡದಲ್ಲೇ ಬರೆದದ್ದು. ಜೋಗೇಶ್ವರಿಯಲ್ಲಿ ಸಂತನನ್ನು ಹೆಂಗಸರು ಹೊರುತ್ತಾರೆ ಎಂದು ಊರಲ್ಲಿ ಹೇಳಿದೆ, ಗಂಡಸರು ಯಾರೂ ನಂಬಲಿಲ್ಲ, ನನ್ನ ತಂಗಿ ನಂಬಿದಳು, ಎಂದಿತ್ತು.

"ಅವ್ರ ತಂಗಿ ಏನು ಕೆಲಸ ಮಾಡ್ತಾಳಂತ?" ಎಂದು ದೇವಕ್ಕ ಕೇಳಿದಳು. ಪತ್ರದಲ್ಲಿ ಅದಿರಲಿಲ್ಲ.

ಮದುವೆಯಾಗಿ ನಾನು ಆಂಟಾಪ್ ಹಿಲ್ಲಿಗೆ ಹೋದೆ. ಎಪ್ಪತ್ತೊಂಬತ್ತರ ಹಬ್ಬಕ್ಕೆ ಮಗಳನ್ನು ಎತ್ತಿಕೊಂಡು ಬಂದೆ. ಹೊಸ ಫಾದರ್ ಯಾವುದನ್ನೂ ಬದಲಿಸಿರಲಿಲ್ಲ. ಗುರುಬಾಯಿ ಊರಿಂದ ಬಂದು ತಾಯಿಯ ಹತ್ತಿರವಿದ್ದಳು, ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲಿ ಕಲಿತ ಹಿಂದಿ ಅವಳ ಮಾತಿನಲ್ಲಿ ಬೆರೆಯುತ್ತಿತ್ತು. ಹಿಡಿಯಲ್ಲಿ ಒಂದು ಹೆಗಲು ಕಡಿಮೆ ಇತ್ತು. ಅಂಬವ್ವ ಅವಳನ್ನು ಕರೆದಳು.

"ನಹೀ ಮೌಸಿ, ನಾ ಹೊರಲ್ಲ. ಮೇರೇ ಸೇ ನಹೀ ಹೋಗಾ" ಎಂದಳು ಗುರುಬಾಯಿ, ತನ್ನಿಂದ ಆಗದೆಂದು.

"ಬ್ಯಾಡಂದ್ರ ಬಿಡು, ಜುಲುಮಿ ಮಾಡಬ್ಯಾಡ" ಎಂದಳು ದೇವಕ್ಕ ಅಂಬವ್ವನಿಗೆ. ಆಮೇಲೆ ಗುಂಪಿನ ಕಡೆ ನೋಡಿ, ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ, ಇನ್ನೂ ಯಾರ ಪರಿಚಯವೂ ಇಲ್ಲದ ಒಬ್ಬ ಎಳೆ ಹೆಂಗಸನ್ನು ಕೈ ಹಿಡಿದು ಮುಂದೆ ತಂದಳು. ಅವಳ ಹೆಗಲು ಮುಟ್ಟಿ ನೋಡಿ ಹೆಸರೇನು, ಊಟ ಆಗೇದೇನು ಎಂದು ಕೇಳಿದಳು. ಆಗಿಲ್ಲ ಎಂದಳು ಆಕೆ. ದೇವಕ್ಕ ಬ್ಯಾಂಡಿನವರಿಗೆ ಸ್ವಲ್ಪ ತಡೆಯಲು ಹೇಳಿ, ಎರಡು ರೊಟ್ಟಿ ತರಲು ಮೆಸ್ಸಿನ ಕಡೆ ಹೊರಟಳು.